ರಾಮನಾಥ ಕೊಡಿಸಿದ ಬಡ್ತಿ

ವಿಲೆ ಪಾರ್ಲೆ ಸ್ಟೇಶನ್ನಿನ ಪೂರ್ವಕ್ಕೆ, ಸೇತುವೆ ಇಳಿದವನ ಮೂಗಿಗೆ ಮೊದಲು ಬಿಸ್ಕತ್ತಿನ ವಾಸನೆಯೂ ಆಮೇಲೆ ಸಾಂಬಾರಿನ ವಾಸನೆಯೂ ಬಡಿಯುವ ಜಾಗದಲ್ಲಿ ರಾಮನಾಥನ ಹೋಟೆಲಿತ್ತು. ಅದನ್ನು ರಾಮನಾಥನ ಹೋಟೆಲು ಎನ್ನುತ್ತಿದ್ದವರು ಗಿರಾಕಿಗಳು. ನಿಜವಾದ ಧಣಿಗಳು ಮಾಟುಂಗದಲ್ಲಿದ್ದರು. ವಾರಕ್ಕೊಮ್ಮೆ ಬಂದು, ಚಟ್ನಿ ನೀರಾಗಿದೆ ಎಂದು ಹೇಳಿ ಹೋಗುತ್ತಿದ್ದರು. ರಾಮನಾಥ ಬರೀ ಮ್ಯಾನೇಜರು. ಆದರೆ ಗಲ್ಲಾದ ಹಿಂದೆ ಕೂತವನನ್ನೇ ಲೋಕ ಧಣಿ ಅನ್ನುತ್ತದೆ. ಅವನೂ ತಿದ್ದಲು ಹೋಗುತ್ತಿರಲಿಲ್ಲ. ಪುಕ್ಕಟೆ ಬಂದ ಮರ್ಯಾದೆಯನ್ನು ವಾಪಸು ಮಾಡುವುದು ವ್ಯಾಪಾರಸ್ಥರ ಲಕ್ಷಣವಲ್ಲ.

ಕಾಪುವಿನಿಂದ ಬಂದ ಹೊಸದರಲ್ಲಿ ಅವನಿಗೆ ಸಿಕ್ಕಿದ್ದು ಮೋರಿ, ಅಂದರೆ ಹೋಟೆಲಿನ ಹಿಂಬದಿಯಲ್ಲಿ ಲೋಟ ತೊಳೆಯುವ ಜಾಗ. ಅಲ್ಲಿಂದ ಟೇಬಲ್ ಒರೆಸುವ ಕೆಲಸ, ಆಮೇಲೆ ಸಪ್ಲಾಯರ್, ಆಮೇಲೆ ಸ್ಟೋರು, ಕೊನೆಗೆ ಗಲ್ಲಾ. ಬಡ್ತಿಗೆ ಆ ಹೋಟೆಲಿನಲ್ಲಿ ಇದ್ದದ್ದು ವರ್ಷಕ್ಕೆ ಒಂದೇ ದಿನ, ದಸರೆ. ಕಾವಲಿಗೆ, ರುಬ್ಬುವ ಕಲ್ಲಿಗೆ, ಗಲ್ಲಾಪೆಟ್ಟಿಗೆಗೆ ಕುಂಕುಮ ಹಚ್ಚಿ ಆರತಿ ಎತ್ತಿದ ಮೇಲೆ ಧಣಿಗಳು ಯಾರ ಕೈಗೆ ಹೊಸ ಬನಿಯನ್ ಕೊಡುತ್ತಾರೋ ಅವನು ಮರುದಿನದಿಂದ ಒಂದು ಮೆಟ್ಟಿಲು ಮೇಲೆ. ಹೀಗೆ ಹತ್ತಿಬಂದ ರಾಮನಾಥನಿಗೆ ಒಂದು ಸಿದ್ಧಾಂತವೇ ಸಿದ್ಧವಾಗಿತ್ತು: ಯಾವ ಮನುಷ್ಯನೂ ಲೋಟ ತೊಳೆಯುವುದಿಲ್ಲ, ಮುಂದಿನ ದಸರೆಯನ್ನು ತೊಳೆಯುತ್ತಾನೆ.

ಮೇಲೆ ಹೋದವನನ್ನು ಕೆಳಗಿಳಿಸುವ ಪದ್ಧತಿ ಮಾತ್ರ ಅಲ್ಲಿರಲಿಲ್ಲ. ಒಮ್ಮೆ ಒಬ್ಬ ಸಪ್ಲಾಯರ್ ಗಿರಾಕಿಯ ಬಿಳಿ ಪ್ಯಾಂಟಿನ ಮೇಲೆ ಸಾಂಬಾರು ಚೆಲ್ಲಿದಾಗ ಧಣಿಗಳು ಸಿಟ್ಟಿನಲ್ಲಿ "ಹೋಗು, ಮೋರಿಯಲ್ಲಿ ಕೂತ್ಕೋ" ಅಂದುಬಿಟ್ಟರು. ಅವನು ಹೆಗಲ ಬಟ್ಟೆಯನ್ನು ಮಡಚಿ ಗಲ್ಲಾದ ಮೇಲಿಟ್ಟು, ರಸ್ತೆ ದಾಟಿ ಎದುರಿನ ಹೋಟೆಲಿಗೆ ನಡೆದ. ಮಾನವಂತ ಹುಡುಗ, ಸರಿಯಾಗಿಯೇ ಮಾಡಿದ ಎಂದು ಒಳಗಿದ್ದವರೆಲ್ಲ ಅಂದರು. ಧಣಿಗಳೂ ಅಂದರು.

ಈ ಸಿದ್ಧಾಂತಕ್ಕೆ ಸೊಪ್ಪು ಹಾಕದವನೆಂದರೆ ದೋಸೆ ಹೊಯ್ಯುವ ಮೋನಪ್ಪ ಒಬ್ಬನೇ. ಎರಡು ಸಲ ಮೇಲೆ ಕರೆದರೂ ಅವನು ಕಾವಲಿ ಬಿಟ್ಟು ಅಲ್ಲಾಡಿರಲಿಲ್ಲ. ಅವನು ಬುದ್ಧಿ ಸಾಲದವನೆಂದು ರಾಮನಾಥ ತೀರ್ಮಾನಿಸಿದ್ದ. ರಾಮನಾಥನಿಗೆ ಮೇಲೆ ಹೋಗುವ ಚಟವಿದೆಯೆಂದು ಮೋನಪ್ಪ ತೀರ್ಮಾನಿಸಿದ್ದ. ಇಬ್ಬರಿಗೂ ಒಳ್ಳೆಯ ಸ್ನೇಹ.

ರಾಮನಾಥನ ಮಗಳು ವಾರಿಜಾ ಅವರಿದ್ದ ಚಾಳಿನ, ಅಂದರೆ ಸಾಲುಮನೆಗಳ ಕಟ್ಟಡದ, ಮೆಟ್ಟಿಲ ಕಂಬಿಗೆ ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ನೇತಾಡುವ ಹುಡುಗಿ. ಹಾಲಿನವನು ಬಂದರೂ ಆ ಸ್ಥಿತಿಯಲ್ಲೇ ಕ್ಯಾನು ನೋಡಿ "ಅಮ್ಮಾ, ದೂಧ್" ಅನ್ನುತ್ತಿದ್ದಳು. ಹಾಗೆ ನೇತಾಡುತ್ತಿದ್ದಾಗಲೇ ಅವಳ ಶಾಲೆಯ ವ್ಯಾಯಾಮದ ಟೀಚರು ಗುಪ್ತೆ ಬಾಯಿ ಅವಳನ್ನು ಕಂಡರು. ಮರಾಠಿಯಲ್ಲಿ ಟೀಚರಮ್ಮನಿಗೆ ಬಾಯಿ ಅನ್ನುತ್ತಾರೆ. ಅವರು ಸಂಜೆ ಹತ್ತಿರದ ವ್ಯಾಯಾಮಶಾಲೆಯಲ್ಲಿ ಹುಡುಗಿಯರಿಗೆ ಜಿಮ್ನ್ಯಾಸ್ಟಿಕ್ಸ್ ಕಲಿಸುತ್ತಿದ್ದರು. ನೆಟ್ಟಗೆ ಹೋಟೆಲಿಗೆ ಬಂದು, ಗಲ್ಲಾದ ಮುಂದೆ ನಿಂತು, "ಅಣ್ಣಾ, ನಿಮ್ಮ ಹುಡುಗಿಯನ್ನು ನನಗೆ ಕೊಡಿ" ಎಂದರು.

"ಹೆಣ್ಣು ಮಗು, ಬಾಯಿ. ಕೈಕಾಲು ಮುರಿದ್ರೆ?" ರಾಮನಾಥ ತನ್ನ ಹೋಟೆಲು ಮರಾಠಿಯಲ್ಲಿ ಕೇಳಿದ.

"ಕಂಬಿಯಿಂದ ಬಿದ್ದು ಮುರಿದುಕೊಳ್ಳುವುದಕ್ಕಿಂತ ನನ್ನ ಚಾಪೆಯ ಮೇಲೆ ಮುರಿದುಕೊಳ್ಳಲಿ."

ಈ ಉತ್ತರ ರಾಮನಾಥನ ಹೆಂಡತಿ ನೀಲಾವತಿಗೆ ಬಹಳ ಹಿಡಿಸಿತು. ಎಪ್ಪತ್ತಮೂರರ ಮಳೆಗಾಲದಲ್ಲಿ ವಾರಿಜಾ ಸೇರಿದಳು.

ಮೊದಲ ದಿನ ಮನೆಗೆ ಬಂದವಳ ಬಾಯಿ ಮುಚ್ಚಲಿಲ್ಲ. ಅಲ್ಲಿ ಕಬ್ಬಿಣದ ಬಾರ್ ಉಂಟಂತೆ, ಹಾರಿ ದಾಟಲಿಕ್ಕೆ ಚರ್ಮದ ಕುದುರೆ ಉಂಟಂತೆ, ಎಲ್ಲಕ್ಕಿಂತ ಮಿಗಿಲಾಗಿ ಬೀಮ್ ಉಂಟಂತೆ. ಬೀಮ್ ಅಂದರೆ ಅಂಗೈಯಗಲದ ಮರದ ತೊಲೆ, ಅವಳ ಎದೆಯೆತ್ತರಕ್ಕೆ. ದೊಡ್ಡ ಹುಡುಗಿಯರು ಅದರ ಮೇಲೆ ನಡೆಯುತ್ತಾರೆ, ತಿರುಗುತ್ತಾರೆ, ಒಬ್ಬಳಂತೂ ಲಾಗ ಹಾಕುತ್ತಾಳೆ. ವಾರಿಜಾ ಬೀಮಿನ ಬಗ್ಗೆ ಮಾತಾಡುವಾಗ ಊಟದ ತಟ್ಟೆಯಂಚಿನ ಮೇಲೆ ಎರಡು ಬೆರಳುಗಳನ್ನು ನಡೆಸುತ್ತಿದ್ದಳು.

ಆದರೆ ಗುಪ್ತೆ ಬಾಯಿ ಅವಳಿಗೆ ಬೀಮ್ ಕೊಡಲಿಲ್ಲ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎಳೆದ ಒಂದು ಗೆರೆ ಕೊಟ್ಟರು. ಅದರ ಮೇಲೆ ಹೋಗು, ತಿರುಗು, ಬಾ. ಆಮೇಲೆ ಚಾಪೆಯ ಮೇಲೆ ಲಾಗ. ಆಮೇಲೆ ಗೋಡೆಗೆ ಕಾಲು ಕೊಟ್ಟು ಕೈಮೇಲೆ ನಿಲ್ಲು. ಮತ್ತೆ ಗೆರೆ. ಗಣಪತಿ ಬಂದು ಮುಳುಗಿಯೂ ಆಯಿತು, ಗೆರೆ ಮುಗಿಯಲಿಲ್ಲ. ವಾರಿಜಾಳ ಉತ್ಸಾಹ ಹಿಂದಿನ ದಿನದ ಇಡ್ಲಿಯ ಹಾಗೆ ಆಗತೊಡಗಿತು. ನೋಡಲಿಕ್ಕೆ ಆಕಾರ ಇದೆ, ಮುಟ್ಟಿದರೆ ಗಟ್ಟಿ.

"ರೋಜ್ ಅದೇ, ಅಪ್ಪ," ಎಂದಳು ಒಂದು ರಾತ್ರಿ ಊಟದ ಹೊತ್ತಿಗೆ. "ಲಾಗ, ಲೈನ್, ಲಾಗ, ಲೈನ್. ಬೀಮ್ ಮುಟ್ಟಲಿಕ್ಕೆ ಸಹ ಬಿಡುವುದಿಲ್ಲ. ನಂಗೆ ಬೋರ್ ಆಗ್ತದೆ."

"ಅದಕ್ಕೆಂತ? ಬಟ್ಟೆ ಒಗೆದು ಒಗೆದು ನಂಗೂ ಬೋರ್ ಆಗ್ತದೆ," ಎಂದಳು ನೀಲಾವತಿ.

ರಾಮನಾಥನಿಗೆ ಮಾತ್ರ ಈ ರೋಗದ ಮೂಲ ಒಂದೇ ಏಟಿಗೆ ತಿಳಿಯಿತು. ಹುಡುಗಿಗೆ ಮುಂದಿನ ಮೆಟ್ಟಿಲು ಕಾಣುತ್ತಿಲ್ಲ. ಮರುದಿನ ಉಪ್ಪಿಟ್ಟಿನ ಪಾರ್ಸೆಲು ಕಟ್ಟಿಸಿಕೊಂಡು ವ್ಯಾಯಾಮಶಾಲೆಗೆ ಹೋದ. ಗುಪ್ತೆ ಬಾಯಿ ಪಾರ್ಸೆಲನ್ನು ಸಂತೋಷದಿಂದ ತೆಗೆದುಕೊಂಡರು. ಅಲ್ಲಿಗೆ ಅರ್ಧ ಕೆಲಸವಾಯಿತು ಎಂದುಕೊಂಡ ರಾಮನಾಥ.

"ಬಾಯಿ, ಇವಳಿಗೆ ಬೀಮ್ ಯಾವಾಗ?"

"ಕುತ್ತಿಗೆ ಎದ್ದಾಗ. ಅವಳು ನೆಲ ನೋಡಿ ನಡೆಯುತ್ತಾಳೆ, ಅಣ್ಣಾ. ಗೆರೆಯ ಮೇಲೆ ನೆಲ ನೋಡಿದರೆ ನಷ್ಟವಿಲ್ಲ. ಬೀಮಿನ ಮೇಲೆ ನೆಲ ನೋಡಿದವಳು ನೆಲಕ್ಕೇ ಬರುತ್ತಾಳೆ."

"ಅಂದ್ರೆ ಸುಮಾರು ದಸರೆಗೆ?"

"ಕುತ್ತಿಗೆಗೆ ಪಂಚಾಂಗ ಗೊತ್ತಿಲ್ಲ."

ಧಣಿಗಳೆಲ್ಲ ಹೇಳುವುದೇ ಹೀಗೆ. ಇನ್ನೂ ಆಗಬೇಕು, ಇನ್ನೂ ಪಳಗಬೇಕು. ರಾಮನಾಥ ಇಂಥವರನ್ನು ಕಂಡಿದ್ದ. ಇಂಥವರ ಮೇಲೆ ಇನ್ನೊಬ್ಬರು ಇದ್ದೇ ಇರುತ್ತಾರೆ ಎಂಬುದನ್ನೂ ಕಂಡಿದ್ದ. ವ್ಯಾಯಾಮಶಾಲೆಯ ಕಮಿಟಿಯ ಅಧ್ಯಕ್ಷರು ದಿನವೂ ಬೆಳಿಗ್ಗೆ ಅವನ ಹೋಟೆಲಿನಲ್ಲಿ ಫ್ಯಾನಿನ ಕೆಳಗಿನ ಟೇಬಲ್ಲಿನಲ್ಲಿ ಕೂತು ಪೇಪರು ಓದುವವರು. ಆ ದೇಹ ಜೀವಮಾನದಲ್ಲಿ ಲಾಗ ಹಾಕಿದ ಗುರುತು ಎಲ್ಲೂ ಇರಲಿಲ್ಲ. ರಾಮನಾಥ ಅವರ ಕಾಫಿಗೆ ತಾನೇ ಎರಡು ದಿನ ಹಾಲು ಜಾಸ್ತಿ ಹಾಕಿಸಿ, ಮೂರನೆಯ ದಿನ ವಿಷಯ ತೆಗೆದ. ಅಧ್ಯಕ್ಷರು ಪೇಪರು ಮಡಚಿದರು. "ಇಷ್ಟೇಯೇನು? ನಾನು ಅಧ್ಯಕ್ಷನೋ ಅಲ್ಲವೋ?"

ಗುಪ್ತೆ ಬಾಯಿ ಅಧ್ಯಕ್ಷರ ಮಾತು ಕೇಳಿ "ಠೀಕ್ ಆಹೇ" ಎಂದಷ್ಟೇ ಅಂದರಂತೆ. ವ್ಯಾಪಾರದಲ್ಲಿ ಇಷ್ಟು ಬೇಗ ಒಪ್ಪಿದವರನ್ನು ಕಂಡರೆ ಹೆದರಬೇಕು ಎಂಬುದು ರಾಮನಾಥನಿಗೆ ಗೊತ್ತಿತ್ತು. ಖುಷಿಯಲ್ಲಿ ಮರೆತ.

ದಸರೆಯ ಸಂಜೆ ವ್ಯಾಯಾಮಶಾಲೆಯಲ್ಲಿ ಸಲಕರಣೆಗಳಿಗೆ ಪೂಜೆ. ರಾಮನಾಥ ಹೆಂಡತಿಯನ್ನೂ ಮೋನಪ್ಪನನ್ನೂ ಕಟ್ಟಿಕೊಂಡು ಹೋದ. ವಾರಿಜಾಳಿಗೆ ಟೈಲರನಿಂದ ಹೊಸ ನೀಲಿ ಡ್ರೆಸ್ಸು ಹೊಲಿಸಿದ್ದ. ಕೈಯಲ್ಲಿ ಪೇಢೆಯ ಪೆಟ್ಟಿಗೆ. ಸಕ್ಕರೆ ಸಿಗದ ಆ ವರ್ಷದಲ್ಲಿ ಅಷ್ಟು ಪೇಢೆ ಹೊಂದಿಸಿದ್ದೇ ಒಂದು ಸಾಹಸ. ಬೀಮಿನ ಎರಡು ಕಡೆಯೂ ಬಾಯಿ ಚಾಪೆ ಹಾಸಿಸಿ, "ಹತ್ತು" ಎಂದರು.

ವಾರಿಜಾ ಹತ್ತಿದಳು. ನಿಂತಳು. ಮುಖದಲ್ಲಿ ಎಂಥ ಬೆಳಕು! ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ರಾಮನಾಥ ಮೋನಪ್ಪನ ಕಡೆ ತಿರುಗಿ ಹುಬ್ಬು ಕುಣಿಸಿದ. ಅಷ್ಟರಲ್ಲಿ ಅವಳು ಅಭ್ಯಾಸಬಲದಿಂದ ಗೆರೆ ಹುಡುಕಿ ಕೆಳಗೆ ನೋಡಿದಳು. ಗೆರೆ ಇರಲಿಲ್ಲ. ಬಹಳ ಕೆಳಗೆ ನೆಲವಿತ್ತು. ಅವಳು ತೊಪ್ಪನೆ ಕೂತು, ಎರಡೂ ಕೈಯಲ್ಲಿ ತೊಲೆಯನ್ನು ಅಪ್ಪಿ ಹಿಡಿದಳು.

"ನಡಿ ಮಗಾ, ನಡಿ, ನಡಿ!" ಎಂದು ರಾಮನಾಥ ಕೂಗಿದ, ಆರ್ಡರು ತಡಮಾಡಿದ ಸಪ್ಲಾಯರಿಗೆ ಕೂಗುವ ಸ್ವರದಲ್ಲಿ. ಅಧ್ಯಕ್ಷರು ಏನಾಯಿತೆಂದು ತಿಳಿಯದೆ "ಶಾಬಾಸ್!" ಎಂದು ಚಪ್ಪಾಳೆ ತಟ್ಟಿದರು. ವಾರಿಜಾ ಅತ್ತ ಹೋಗಲಿಲ್ಲ, ಇತ್ತ ಇಳಿಯಲಿಲ್ಲ. ಕೊನೆಗೆ ಬಾಯಿ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳುತ್ತ ಒಂದೊಂದೇ ಬೆರಳು ಬಿಡಿಸಿ ಅವಳನ್ನು ಇಳಿಸಿಕೊಂಡರು.

ತಂದ ಪೇಢೆಯನ್ನು ವಾಪಸು ಒಯ್ಯುವುದು ಹೇಗೆ? ಹಂಚಿದರು. ಮಕ್ಕಳು ಬಹಳ ಸಂತೋಷದಿಂದ ತಿಂದವು. ಅದೇ ಹೆಚ್ಚು ಚುಚ್ಚಿತು.

ಮರುದಿನ ವಾರಿಜಾ ಕ್ಲಾಸಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. "ಹುಡುಗಿಯನ್ನು ಕಳಿಸಿ, ಗೆರೆ ಅಲ್ಲೇ ಇದೆ" ಎಂದು ಗುಪ್ತೆ ಬಾಯಿ ಹೇಳಿಕಳಿಸಿದರು. ಆ ಮಾತು ರಾಮನಾಥನಿಗೆ ಉರಿಯಿತು. ಬೀಮ್ ಹತ್ತಿದವಳು ಮತ್ತೆ ಗೆರೆಗೆ? ಅಂದರೆ ಮತ್ತೆ ಮೋರಿಗೆ? ಮಗಳನ್ನು ಹತ್ತಿರ ಕೂರಿಸಿಕೊಂಡು, "ಬೇಡ ಮಗಾ, ಬಿಟ್ಟುಬಿಡು. ಇಳಿದು ನಿಲ್ಲುವ ಗ್ರಹಚಾರ ನಮಗೆಂತಕ್ಕೆ? ನಿನ್ನನ್ನು ಡ್ಯಾನ್ಸಿಗೆ ಹಾಕ್ತೇನೆ" ಎಂದ. ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದ. ಅವಳು ಅದೂ ಬೇಡವೆಂದು ತಲೆಯಾಡಿಸಿ ಎದ್ದುಹೋದಳು.

ದೀಪಾವಳಿಯ ಹೊತ್ತಿಗೆ ನೀಲಾವತಿ ಚಕ್ಕುಲಿ ಒತ್ತುತ್ತ, ಅವನ ಕಡೆ ನೋಡದೆ ಹೇಳಿದಳು. "ಹಾಲಿನವ ನಿನ್ನೆ ಕೇಳಿದ, ಹುಡುಗಿಗೆ ಹುಷಾರಿಲ್ವಾ ಅಂತ. ದಸರೆಯಿಂದೀಚೆಗೆ ಅವಳು ಮೆಟ್ಟಿಲಲ್ಲಿ ಒಮ್ಮೆಯೂ ನೇತಾಡ್ಲಿಲ್ಲ. ನಿಮಗೆ ಗೊತ್ತುಂಟಾ?"

"ಗಲ್ಲಾ ಬಿಟ್ಟು ನಾನು ಅದನ್ನೆಲ್ಲ ನೋಡ್ತಾ ಕೂರ್ಲಿಕ್ಕೆ ಆಗ್ತದಾ?"

"ನೀವು ಅವಳಿಗೆ ಬಡ್ತಿ ಕೊಡಿಸಿದ್ದಲ್ಲ. ನಿಮಗೆ ಒಂದು ಬೇಕಿತ್ತು, ಗಲ್ಲಾದ ಮೇಲೆ ಹೋಟೆಲಿನಲ್ಲಿ ಮೆಟ್ಟಿಲಿಲ್ಲ. ಹುಡುಗಿಯನ್ನು ಹತ್ತಿಸಿದ್ರಿ."

ಹೆಂಡತಿಯ ಮಾತಿಗೆ ಉತ್ತರ ಸಿಗದಾಗ ಗಂಡಸು ಸ್ನೇಹಿತನಲ್ಲಿಗೆ ಹೋಗುತ್ತಾನೆ. ರಾಮನಾಥ ಕಾವಲಿಯ ಹತ್ತಿರ ಹೋಗಿ ನಿಂತ. "ಮೋನಪ್ಪ, ಒಂದು ಕೇಳ್ತೇನೆ. ನಿನ್ನನ್ನು ಮೇಲೆ ಕರೆದಾಗ ನೀನು ಯಾಕೆ ಬರ್ಲಿಲ್ಲ? ದಿನಾ ಅದೇ ದೋಸೆ. ನಿಜ ಹೇಳು."

ಏನೋ ದೊಡ್ಡ ಮಾತು ಬರುತ್ತದೆಂದು ಅವನು ಕಾದ. ಮೋನಪ್ಪ ದೋಸೆ ಮಗುಚಿ, "ಗಲ್ಲಾದಲ್ಲಿ ಕೂತ್ರೆ ಸೊಂಟನೋವು ಬರ್ತದೆ, ರಾಮಣ್ಣ. ನಿಮ್ಮನ್ನು ನೋಡ್ತೇನಲ್ಲ" ಎಂದ.

ಆ ಸಂಜೆ ರಾಮನಾಥ ಪಾರ್ಸೆಲಿಲ್ಲದೆ ವ್ಯಾಯಾಮಶಾಲೆಗೆ ಹೋದ. ಬಾಗಿಲಲ್ಲೇ ನಿಂತು, "ಬಾಯಿ, ತಪ್ಪು ನನ್ನದು. ಅವಳನ್ನು ವಾಪಸು ಗೆರೆಗೆ ತಗೊಳ್ತೀರಾ? ಚಿಕ್ಕವರೆಲ್ಲ ನಗ್ತಾರೋ ಏನೋ" ಎಂದ.

"ನಗುತ್ತಾರೆ. ಒಂದು ವಾರ. ಆಮೇಲೆ ಅವರಿಗೂ ಬೋರ್ ಆಗುತ್ತದೆ," ಎಂದರು ಗುಪ್ತೆ ಬಾಯಿ.

ಮನೆಯಲ್ಲಿ ಹೇಳಿದಾಗ ವಾರಿಜಾ ತುಂಬ ಹೊತ್ತು ಉಗುರು ಕಚ್ಚಿದಳು. ಆಮೇಲೆ ಕರಾರು ಹಾಕಿದಳು. "ನೀವು ಬಂದು ಒಳಗೆ ಕೂತ್ಕೊಳ್ಬೇಕು. ಪೂರಾ ಟೈಮ್. ಹಾಗಾದ್ರೆ ಬರ್ತೇನೆ." ಅಪ್ಪನ ಮಗಳು, ಚೌಕಾಸಿ ಕಲಿಸಬೇಕಾಗಿರಲಿಲ್ಲ. ಹಾಗಾಗಿ ಒಂದು ವಾರ, ಸಂಜೆಯ ಟಿಫಿನ್ನಿನ ನೂಕುನುಗ್ಗಲಿನಲ್ಲಿ, ಮೋನಪ್ಪ ಸೊಂಟ ಹಿಡಿದುಕೊಂಡು ಗಲ್ಲಾದಲ್ಲಿ ಕೂತ. ರಾಮನಾಥ ವ್ಯಾಯಾಮಶಾಲೆಯಲ್ಲಿ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತ.

ಗೆರೆಯ ಮುಂದೆ ಸಾಲಾಗಿ ನಿಂತಿದ್ದ ಪುಟಾಣಿಗಳ ನಡುವೆ ವಾರಿಜಾ ತೆಂಗಿನಮರದ ಹಾಗೆ ಕಾಣುತ್ತಿದ್ದಳು. ಒಂದು ಹಲ್ಲಿಲ್ಲದ ಹುಡುಗಿ ತಲೆಯೆತ್ತಿ ಕೇಳಿದಳು, "ದೀದಿ, ನೀನು ಫೇಲಾ?"

ಬೆಂಚಿನ ಮೇಲೆ ರಾಮನಾಥ ಮುಖ ಆಚೆ ತಿರುಗಿಸಿದ.

"ಹಾಂ," ಎಂದಳು ವಾರಿಜಾ.

"ನಾನೂ ಫೇಲು," ಎಂದಳು ಅವಳು, ಜೊತೆ ಸಿಕ್ಕಿದ ಸಂತೋಷದಲ್ಲಿ.

ಗುಪ್ತೆ ಬಾಯಿ ಈ ಸಲ ಬೇರೆ ರೀತಿ ಹಿಡಿದರು. "ಇವತ್ತು ಬರೀ ಕುತ್ತಿಗೆ. ಎದುರಿನ ಕಿಟಕಿಯ ಸರಳು ನೋಡಿಕೊಂಡು ನಡಿ. ಕಾಲು ಗೆರೆ ತಪ್ಪಿದರೆ ತಪ್ಪಲಿ, ನಾನು ಕಾಲು ನೋಡುವುದೇ ಇಲ್ಲ." ಕುತ್ತಿಗೆ ಪಳಗಿದ ಮೇಲೆ ಇನ್ನೊಂದು ಏನಾದರೂ. ಗೆರೆ ಅದೇ, ನಡಿಗೆ ಅದೇ, ಆದರೆ ದಿನಕ್ಕೆ ಒಂದೇ ವಿಷಯ. ರಾಮನಾಥನಿಗೆ ಇದರಲ್ಲಿ ಏನೂ ಮುಂದೆ ಹೋದಂತೆ ಕಾಣಲಿಲ್ಲ. ಆದರೂ ಅವನಿಗೆ ರಾತ್ರಿ ಊಟಕ್ಕೆ ಕೂತಾಗ ವಿಚಾರಿಸುವ ಚಟ ಹತ್ತಿತು.

"ಇವತ್ತು ಎಂತ ಕಲಿಸಿದ್ರು?"

"ಕಾಲಿನ ಹೆಬ್ಬೆರಳು."

"ನಿನ್ನೆ?"

"ನಿನ್ನೆ ಸಹ ಹೆಬ್ಬೆರಳು. ನಿನ್ನೆ ಲೆಫ್ಟ್, ಆಜ್ ರೈಟ್."

"ಈ ಲೆಕ್ಕದಲ್ಲಿ ಮೊಣಕಾಲಿಗೆ ಬರುವಾಗ ನಿಂಗೆ ಮದುವೆ ಪ್ರಾಯ."

"ಒಳ್ಳೇದೇ ಆಯ್ತಲ್ಲ," ಎಂದಳು ನೀಲಾವತಿ, "ಅಳಿಯನಿಗೆ ಹೇಳಬಹುದು, ಕುತ್ತಿಗೆಯಿಂದ ಹೆಬ್ಬೆರಳಿನವರೆಗೆ ತಯಾರುಂಟು ಅಂತ."

ಬೇಸರ ಹೋಯಿತೆಂದಲ್ಲ. ಬೇಸರ ಹೋಗುವ ಸರಕಲ್ಲ. ಅಂಗಡಿಯ ಮೂಲೆಯಲ್ಲಿ ಅದು ಯಾವಾಗಲೂ ಇರುತ್ತದೆ, ಮೇಲೆ ಬೇರೆ ಮಾಲು ಪೇರಿಸಬೇಕು ಅಷ್ಟೆ. ವಾರಿಜಾ ಕೆಲವು ದಿನ ಹೊಟ್ಟೆನೋವು ತಂದುಕೊಳ್ಳುತ್ತಿದ್ದಳು. ಎಪ್ಪತ್ತನಾಲ್ಕರ ಮೇ ತಿಂಗಳಲ್ಲಿ ರೈಲ್ವೆ ಮುಷ್ಕರವಾಗಿ ಲೋಕಲ್ ಓಡಾಟ ಕೆಟ್ಟಾಗ ಅವಳಿಗೆ ಇಡೀ ವಾರದ ಹೊಟ್ಟೆನೋವು ಬಂತು. ಬಾಯಿ ಅಂಧೇರಿಯಲ್ಲಿದ್ದರು, ಹೇಗೂ ಬರಲಾರರು ಎಂಬ ಲೆಕ್ಕ. ಸಂಜೆ ಗ್ಯಾಲರಿಯಿಂದ ಬಗ್ಗಿ ನೋಡಿದರೆ ಗುಪ್ತೆ ಬಾಯಿ ಛತ್ರಿಯನ್ನು ಬಿಸಿಲಿಗೆ ಹಿಡಿದು, ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತ ನಡೆದೇ ಬರುತ್ತಿದ್ದರು. ತಲೆಯೆತ್ತಿ ಕೂಡ ನೋಡಲಿಲ್ಲ, ವ್ಯಾಯಾಮಶಾಲೆಯ ಕಡೆ ಹೋದರು. ವಾರಿಜಾ ಒಂದು ನಿಮಿಷ ನಿಂತಳು. ಆಮೇಲೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ, ಚೀಲ ತೆಗೆದುಕೊಂಡು ಮೆಟ್ಟಿಲಿಳಿದಳು.

ಮಳೆ ಹಿಡಿದ ಮೇಲೆ ಒಂದು ರಾತ್ರಿ ರಾಮನಾಥ ಎಂದಿನಂತೆ ಕೇಳಿದ. "ಇವತ್ತು ಎಂತ?"

"ಟರ್ನ್. ಬೀಮಿನ ಮೇಲೆ ಒಂದು ಕಾಲಿನಲ್ಲಿ ತಿರುಗುವುದು. ಅಮ್ಮ, ಇನ್ನು ಸ್ವಲ್ಪ ಸಾರು."

ರಾಮನಾಥನ ಕೈ ಅನ್ನದಲ್ಲೇ ನಿಂತಿತು. "ಬೀಮಿನ ಮೇಲೆ? ಯಾವಾಗ ಹತ್ತಿಸಿದ್ರು?"

"ಹೋದ ವಾರ." ವಾರಿಜಾ ಸಾರಿನಲ್ಲಿ ಬೆಂಡೆಕಾಯಿ ಹುಡುಕುತ್ತಿದ್ದಳು. "ಹೇಳ್ಲಿಕ್ಕೆ ಮರೆತೆ."

ಮರೆತೆ! ರಾಮನಾಥನಿಗೆ ತನ್ನ ಪ್ರತಿಯೊಂದು ಬನಿಯನ್ ಕೈಗೆ ಬಂದ ವರ್ಷ, ಅವತ್ತು ಧಣಿಗಳು ಹಾಕಿದ್ದ ಕೋಟಿನ ಬಣ್ಣ, ಎಲ್ಲ ಬಾಯಿಪಾಠ ಇತ್ತು. ಬಡ್ತಿಯನ್ನು ಮರೆಯುವ ಪ್ರಾಣಿಯನ್ನು ಅವನು ಮೊದಲ ಸಲ ನೋಡುತ್ತಿದ್ದ, ಅದೂ ತನ್ನ ಮನೆಯಲ್ಲೇ ಬೆಂಡೆಕಾಯಿ ತಿನ್ನುತ್ತ. ಅವನಿಗೆ ಸ್ವಲ್ಪ ಅವಮಾನವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಡಿಸೆಂಬರಿನಲ್ಲಿ ಪರೇಲಿನ ಒಂದು ಸಭಾಂಗಣದಲ್ಲಿ ಹೊಸಬರ ಸ್ಪರ್ಧೆ ನಡೆಯಿತು. ಈ ಸಲ ರಾಮನಾಥ ಪೇಢೆ ತರಲಿಲ್ಲ, ಅಧ್ಯಕ್ಷರಿಗೂ ಹೇಳಲಿಲ್ಲ. ನೀಲಾವತಿಯ ಪಕ್ಕದಲ್ಲಿ ಮಡಿಸುವ ಕುರ್ಚಿಯಲ್ಲಿ ಕೂತು, ಮಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದ. ವಾರಿಜಾಳ ಲಾಗಗಳು ಚೆನ್ನಾಗಿಯೇ ಆದವು. ಆಮೇಲೆ ಬೀಮ್. ಕುತ್ತಿಗೆ ನೆಟ್ಟಗೆ, ಕಣ್ಣು ಎದುರಿಗೆ, ಹೆಬ್ಬೆರಳು ಮೊದಲು ತೊಲೆ ಮುಟ್ಟಿ ಆಮೇಲೆ ಪಾದ. ರಾಮನಾಥ ಅದನ್ನೆಲ್ಲ ಗುರುತು ಹಿಡಿದ. ಎಲ್ಲವೂ ಅವನ ಊಟದ ಹೊತ್ತಿನಲ್ಲಿ ಒಂದೊಂದಾಗಿ ಮನೆಗೆ ಬಂದ ಸಾಮಾನು. ತಿರುಗುವಲ್ಲಿ ಮಾತ್ರ ಹಿಮ್ಮಡಿ ಜಾರಿತು. ಅವಳು ಪಕ್ಕದ ಚಾಪೆಗೆ ಬಿದ್ದಳು.

ಸಭಾಂಗಣದಲ್ಲಿ "ಅರೇರೇ" ಎಂಬ ಸದ್ದು. ರಾಮನಾಥ ಎದ್ದುನಿಂತ. ಚೀಲ ಹೆಗಲಿಗೇರಿತು. ಅಲ್ಲಿಂದ ಮಗಳನ್ನು ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಹೊರಗೆ ನಡೆಯುವುದೊಂದೇ ಅವನ ತಲೆಯಲ್ಲಿತ್ತು.

ನೀಲಾವತಿ ಅಂಗಿಯ ಚುಂಗು ಹಿಡಿದು ಜಗ್ಗಿದಳು. "ಎಲ್ಲಿಗೆ?"

"ಬಿದ್ದಳಲ್ಲ ಮಾರಾಯ್ತಿ!"

"ಬಿದ್ರೆ ಮತ್ತೆ ಹತ್ತಬಹುದಂತೆ. ಮಾರ್ಕು ಹೋಗ್ತದೆ, ಆಟ ಹೋಗುವುದಿಲ್ಲ. ನಾನು ಕೇಳಿಟ್ಟಿದ್ದೇನೆ. ಕೂತ್ಕೊಳ್ಳಿ, ಹಿಂದಿನವರಿಗೆ ಕಾಣುವುದಿಲ್ಲ."

ಅವನು ಕೂರುವುದರೊಳಗೆ ವಾರಿಜಾ ಅಂಗೈಗಳನ್ನು ಒರೆಸಿಕೊಂಡು ತೊಲೆಯ ಮೇಲೆ ಕೈಯೂರಿ ಆಗಿತ್ತು. ಹತ್ತಿದಳು. ನಿಂತಳು. ಬಿದ್ದ ಜಾಗದಿಂದಲೇ ಮತ್ತೆ ಶುರುಮಾಡಿ, ತಿರುಗಿ, ತುದಿಯವರೆಗೆ ನಡೆದು, ಹಾರಿ ಇಳಿದಳು. ಇಳಿದವಳು ಮೊದಲು ನೋಡಿದ್ದು ಅಪ್ಪನನ್ನಲ್ಲ, ಗುಪ್ತೆ ಬಾಯಿಯನ್ನು. ಬಾಯಿ ತಮ್ಮ ಹಿಮ್ಮಡಿಯನ್ನು ಮುಟ್ಟಿ ತೋರಿಸಿದರು. ಅವಳು ಹೌದೆಂದು ತಲೆಯಾಡಿಸಿದಳು. ಇಬ್ಬರು ಕೆಲಸಗಾರರು ನಾಳೆಯ ಕೆಲಸ ಮಾತಾಡಿಕೊಂಡಂತಿತ್ತು.

ಅವಳಿಗೆ ಬಂದದ್ದು, ಕೊನೆಯಿಂದ ಎಣಿಸಿದರೆ ಬೇಗ ಸಿಗುವ ಸ್ಥಾನ.

ದಾದರಿನಲ್ಲಿ ಗಾಡಿ ಬದಲಿಸಿ ಪಾರ್ಲೆಯ ಲೋಕಲ್ ಹಿಡಿದರು. ಕೂರಲಿಕ್ಕೆ ಜಾಗ ಸಿಕ್ಕಿತು. ಮಗಳನ್ನು ಕಿಟಕಿಯ ಪಕ್ಕ ಕೂರಿಸಿದ ರಾಮನಾಥ ಮಾಹಿಮ್ ದಾಟುವವರೆಗೆ ತಡೆದುಕೊಂಡಿದ್ದು ಕೇಳಿಯೇಬಿಟ್ಟ. "ಅಷ್ಟು ಜನರ ಮುಂದೆ ಬಿದ್ದಾಗ ನಾಚಿಕೆ ಆಗ್ಲಿಲ್ವಾ, ಮಗಾ?"

"ಆಯ್ತು," ಎಂದಳು ವಾರಿಜಾ. ನೀಲಾವತಿ ಕಟ್ಟಿ ತಂದಿದ್ದ ಚಪಾತಿಯ ಸುರುಳಿ ಅವಳ ಬಾಯಿಯಲ್ಲಿತ್ತು. "ಆದ್ರೆ ಆಧಾ ಬೀಮ್ ಬಾಕಿ ಇತ್ತಲ್ಲ, ಅಪ್ಪ."

ಗಾಡಿ ಬಾಂದ್ರಾದಲ್ಲಿ ನಿಂತು ಹೊರಟಿತು. ರಾಮನಾಥ ಮಗಳಿಗೆ ಸಮಾಧಾನ ಆಗುವ ಒಂದು ಮಾತು ಹುಡುಕಿ ಹೇಳಿದ. "ನಾಳೆ ಕ್ಲಾಸಿಗೆ ರಜೆ ಅಲ್ವಾ?"

"ಯಾಕೆ ರಜೆ?" ಎಂದಳು ಅವಳು.

ರಾಮನಾಥನಿಗೂ ಕಾರಣ ಹೊಳೆಯಲಿಲ್ಲ.